ಬಟವಾಡೆಯ ಹಣ ಯಾರ ಪಾಲು?

ಪ್ರತಿ ವರ್ಷ ಮಾರ್ಚಿನಿಂದ ಮೇ ಕೊನೆಯವರೆಗೆ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಒಂದು ವಿಚಿತ್ರ ವ್ಯಾಪಾರ ನಡೆಯುತ್ತದೆ. ಈ ವ್ಯಾಪಾರಕ್ಕೆ ಅಂಗಡಿಯಿಲ್ಲ, ಫಲಕವಿಲ್ಲ, ತಕ್ಕಡಿಯಿಲ್ಲ, ಸರಕೂ ಇಲ್ಲ. ಗಿರಾಕಿ ಹಣ ಕೊಟ್ಟು ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ, ಮರುದಿನ ಮತ್ತೆ ಬರುತ್ತಾನೆ. ಐಪಿಎಲ್ ಕ್ರಿಕೆಟ್ಟಿನ ಮೇಲಣ ಪಂಥ, ಜನರ ಬಾಯಲ್ಲಿ ಬೆಟ್ಟಿಂಗ್, ಎಂಬುದೇ ಈ ವ್ಯಾಪಾರ. ಲೀಗ್ ಪಂದ್ಯಗಳು ಮುಗಿದು ಪ್ಲೇಆಫ್ ಬಂತೆಂದರೆ ಚಹದಂಗಡಿಗಳಲ್ಲಿ ಜ್ವರವೇರುತ್ತದೆ. ಎರಡು ತಿಂಗಳು ಕಳೆದುಕೊಂಡವನು ಕೊನೆಯ ನಾಲ್ಕು ಆಟಗಳಲ್ಲಿ ಎಲ್ಲವನ್ನೂ ಮರಳಿ ಪಡೆಯುತ್ತೇನೆಂದು ಹೊರಡುತ್ತಾನೆ.

ಶ್ರಮಜೀವಿಗಳ ಪತ್ರಿಕೆಗೆ ಕ್ರಿಕೆಟ್ಟಿನ ಗೊಡವೆ ಏಕೆ ಎಂದು ಕೇಳುವ ಮಿತ್ರರಿದ್ದಾರೆ. ಆಡುವವನ ದುಡ್ಡು, ಆಡಲಿ ಬಿಡಿ ಎನ್ನುವವರೂ ಇದ್ದಾರೆ. ಅದು ಯಾರ ದುಡ್ಡು ಎಂಬುದೇ ನಮ್ಮ ಪ್ರಶ್ನೆ. ವಳಕಮದಿನ್ನಿಯಂಥ ಹಳ್ಳಿಯಿಂದ ಅಕ್ಕಿ ಗಿರಣಿಗೆ ದುಡಿಯಲು ಬರುವ ಹಮಾಲನು ಚೀಲದ ಲೆಕ್ಕದಲ್ಲಿ ಬೆನ್ನು ಬಗ್ಗಿಸಿ ಗಳಿಸಿದ್ದನ್ನು ಬಟವಾಡೆಯ ದಿನ ಕೈಗೆ ಪಡೆಯುತ್ತಾನೆ. ಅದರಲ್ಲಿ ಕಿರಾಣಿ ಅಂಗಡಿಯ ಉದ್ರಿಯಿದೆ, ಮಗಳ ಶಾಲೆಯ ಖರ್ಚಿದೆ, ಹೆಂಡತಿಯ ಹೆಸರಿನಲ್ಲಿ ಎತ್ತಿದ ಸಂಘದ ಸಾಲದ ವಾರದ ಕಂತಿದೆ. ಆ ಹಣ ರಾತ್ರಿ ಹನ್ನೊಂದರೊಳಗೆ ಮಾಯವಾದರೆ ಮರುದಿನ ಯಾರು ಯಾರಿಗೆ ಬಾಕಿಯಾಗುತ್ತಾರೆ? ಕಿರಾಣಿಯವನ ಉದ್ರಿ ಹಾಗೆಯೇ ಉಳಿಯಿತು. ಅವನು ರಾಯಚೂರಿನ ದಲಾಲಿ ಅಂಗಡಿಗೆ ಕೊಡಬೇಕಾದದ್ದೂ ಉಳಿಯಿತು. ಸಂಘದ ಕಂತಿಗೆ ಬಂದವನು ಮನೆಯ ಮುಂದೆ ಕೂತನು. ಸೋತವನು ಒಬ್ಬ, ಸಾಲ ತಟ್ಟಿದ್ದು ಓಣಿಗೆಲ್ಲ. ಆದುದರಿಂದ ಇದು ಗಿರಣಿ ಕಾರ್ಮಿಕನ ಪ್ರಶ್ನೆಯಾದಷ್ಟೇ ಸಣ್ಣ ವ್ಯಾಪಾರಿಯ ಪ್ರಶ್ನೆಯೂ ಹೌದು.

ನಾವು ಸಂತರಲ್ಲ, ನೀತಿಬೋಧೆ ಮಾಡಲು ಹೊರಟವರೂ ಅಲ್ಲ. ನಮ್ಮ ಸೀಮೆಯಲ್ಲಿ ಪಂಥ ಹೊಸದೇನಲ್ಲ. ನಾಗರ ಪಂಚಮಿಯಲ್ಲಿ ನಿಂಬೆಹಣ್ಣು ಎಸೆಯುವ ಪಂಥ, ಗುಂಡು ಎತ್ತುವ ಪಂಥ, ಜೋಳದ ಚೀಲ ಹೊತ್ತು ನಡೆಯುವ ಪಂಥ, ಕಾರಹುಣ್ಣಿಮೆಯ ಎತ್ತಿನ ಓಟ ಇವೆಲ್ಲ ನಮ್ಮ ಹಿರಿಯರು ಆಡಿದವೇ. ಅಲ್ಲಿ ಸೋತವನ ಹಣ ಗೆದ್ದವನಿಗೆ ಹೋಗುತ್ತಿತ್ತು, ಗೆದ್ದವನು ಅದೇ ಊರಿನವನಾಗಿದ್ದನು. ನಡುವೆ ಕೂತು ಎರಡೂ ಕಡೆಯಿಂದ ತಿನ್ನುವವನು ಇರಲಿಲ್ಲ. ಇಂದು ಇರುವುದೇ ಆ ನಡುವಿನವನು.

ಇವನ ಲೆಕ್ಕವನ್ನು ಬಿಡಿಸಿ ನೋಡೋಣ. ನಮ್ಮ ಜಿಲ್ಲೆಯ ಮಟ್ಕಾ ಅಥವಾ ಓಸಿ ಆಟದಲ್ಲಿ ಸಾಮಾನ್ಯವಾಗಿ ಕೂಗುವ ದರ ಒಂದು ರೂಪಾಯಿಗೆ 80 ರೂಪಾಯಿ. ಕೇಳಲು ಬಂಗಾರದಂಥ ಮಾತು! ಆದರೆ ಸೊನ್ನೆಯಿಂದ ಒಂಬತ್ತರವರೆಗಿನ ಎರಡು ಅಂಕಿ ಕೂಡಿದರೆ ಆಗುವ ಜೋಡಿಗಳು 100. ನೂರು ಜನ ನೂರು ಜೋಡಿಗೆ ಒಂದೊಂದು ರೂಪಾಯಿ ಬರೆಸಿದರೆ ಒಬ್ಬ 80 ಪಡೆಯುತ್ತಾನೆ, 20 ರೂಪಾಯಿ ಚೀಟಿಯ ಯಜಮಾನನಿಗೆ. ಇದೇ ಸರಾಸರಿಯಲ್ಲಿ ಬಂದುದನ್ನೆಲ್ಲ ಮತ್ತೆ ಹಾಕುತ್ತಾ ಹೋದರೆ 100 ರೂಪಾಯಿ ಮೊದಲ ಸುತ್ತಿಗೆ 80 ಆಗುತ್ತದೆ, ಎರಡನೆಯದಕ್ಕೆ 64, ಮೂರನೆಯದಕ್ಕೆ 51. ಹತ್ತು ಸುತ್ತು ಮುಗಿಯುವಾಗ 11 ರೂಪಾಯಿಗೂ ಕಡಿಮೆ. ಮೋಸವೇ ಇಲ್ಲದೆ, ಪ್ರಾಮಾಣಿಕವಾಗಿ ನಡೆದ ಆಟದ ಲೆಕ್ಕ ಇದು. ಕ್ರಿಕೆಟ್ಟಿನದೂ ಇದೇ ಹಾದಿ. ಸಮಬಲದ ಎರಡು ತಂಡಗಳ ಮೇಲೆ ಇಬ್ಬರು ಸಾವಿರ ಸಾವಿರ ಕಟ್ಟಿದರೆಂದು ತಿಳಿಯಿರಿ. ರೂಪಾಯಿಗೆ 90 ಪೈಸೆಯ ದರವಿದ್ದರೆ ಗೆದ್ದವನಿಗೆ ಸಿಕ್ಕುವ ಲಾಭ 900, ಸೋತವನಿಗಾಗುವ ನಷ್ಟ 1,000. ನಡುವಿನ 100 ರೂಪಾಯಿಗೆ ಬುಕ್ಕಿ ಒಂದು ಚೀಲವನ್ನೂ ಎತ್ತಿಲ್ಲ. ಬೆಂಗಳೂರು ಗೆದ್ದರೇನು, ಚೆನ್ನೈ ಗೆದ್ದರೇನು, ಅವನಿಗೆ ಪ್ರತಿ ರಾತ್ರಿಯೂ ಸುಗ್ಗಿ.

ಮಟ್ಕಾದ ಹುಟ್ಟನ್ನು ಹತ್ತಿಯ ಸೀಮೆಯವರಾದ ನಾವು ತಿಳಿದಿರತಕ್ಕದ್ದು. ಅದು ಹುಟ್ಟಿದ್ದೇ ಹತ್ತಿಯಿಂದ. ನ್ಯೂಯಾರ್ಕಿನ ಹತ್ತಿ ವಿನಿಮಯ ಕೇಂದ್ರದಲ್ಲಿ ದರ ಎಷ್ಟಕ್ಕೆ ತೆರೆಯಿತು, ಎಷ್ಟಕ್ಕೆ ಮುಚ್ಚಿತು ಎಂಬ ಅಂಕಿಗಳು ತಂತಿಯ ಮೂಲಕ ಮುಂಬಯಿಗೆ ಬರುತ್ತಿದ್ದವು, ಆ ಅಂಕಿಗಳ ಮೇಲೆ ಪಂಥ ಕಟ್ಟುತ್ತಿದ್ದರು. ಓಪನ್, ಕ್ಲೋಸ್ ಎಂಬ ಆ ಎರಡು ಮಾತುಗಳೇ ನಮ್ಮ ಕಡೆಯ ಓಸಿ. 1961ರಲ್ಲಿ ನ್ಯೂಯಾರ್ಕಿನಿಂದ ಆ ಅಂಕಿ ಬರುವುದು ನಿಂತಿತು. ಹತ್ತಿಯ ದರ ನಿಂತರೂ ಜೂಜು ನಿಲ್ಲಲಿಲ್ಲ. 1962ರಲ್ಲಿ ಕಲ್ಯಾಣ್‌ಜಿ ಭಗತ್, ಅನಂತರ ರತನ್ ಖತ್ರಿ, ಅಂಕಿ ಬರೆದ ಚೀಟಿಗಳನ್ನು ಮಡಕೆಯಲ್ಲಿ ಹಾಕಿ ಎತ್ತುವ ಪದ್ಧತಿ ತಂದರು. ಮಡಕೆಗೆ ಅವರಲ್ಲಿ ಮಟ್ಕಾ ಎಂದು ಹೆಸರು. ಈ ಅಂಗಡಿಗಳು ಎಲ್ಲಿ ಬೆಳೆದವು? ಮಲಬಾರ್ ಹಿಲ್ಲಿನ ಬಂಗಲೆಗಳ ಮುಂದೆ ಅಲ್ಲ, ಮುಂಬಯಿಯ ಬಟ್ಟೆ ಗಿರಣಿಗಳ ಕೇರಿಗಳಲ್ಲಿ. ನೂಲು ತೆಗೆದ ಕೈಯ ಪಗಾರ ಗಿರಣಿಯ ಬಾಗಿಲಿಂದ ನಾಲ್ಕು ಹೆಜ್ಜೆ ದಾಟುವುದರೊಳಗೆ ಮಡಕೆಗೆ ಬೀಳುತ್ತಿತ್ತು. 1982ರ ಮಹಾ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಲಕ್ಷಾಂತರ ಕಾರ್ಮಿಕರು ಬೀದಿಗೆ ಬಿದ್ದರು. ಗಿರಣಿ ಸತ್ತಿತು, ಮಟ್ಕಾ ಬದುಕಿತು. ಕಲ್ಯಾಣ್ ಎಂಬ ಹೆಸರು ಇಂದಿಗೂ ನಮ್ಮ ಹಳ್ಳಿಯ ಪಡ್ಡೆ ಹುಡುಗನಿಗೂ ಗೊತ್ತು. ಆ ಗಿರಣಿಗಳಲ್ಲಿ ಒಂದರ ಹೆಸರನ್ನು ಅವನು ಹೇಳಲಾರ.

ಜೂಜನ್ನು ಕದ್ದುಮುಚ್ಚಿ ನಡೆಸುವುದರಿಂದಲೇ ಕೇಡು, ಸಕ್ರಮ ಮಾಡಿ ತೆರಿಗೆ ಹಾಕಿದರೆ ಸರಿಹೋಗುತ್ತದೆ ಎಂಬ ವಾದವಿದೆ. ಸುಪ್ರೀಂ ಕೋರ್ಟು ನೇಮಿಸಿದ ಲೋಧಾ ಸಮಿತಿ 2016ರಲ್ಲಿ ಕ್ರಿಕೆಟ್ ಬೆಟ್ಟಿಂಗನ್ನು ಕಾನೂನುಬದ್ಧಗೊಳಿಸಬಹುದೆಂದೇ ಶಿಫಾರಸು ಮಾಡಿತ್ತು. ಹಾಗೆ ಮಾಡಿದ ದೇಶವೊಂದನ್ನು ನೋಡೋಣ. ಅಮೆರಿಕದಲ್ಲಿ ಬಾಸ್ಕೆಟ್‌ಬಾಲಿನ ಹುಚ್ಚು ಬಹಳ. ಎನ್‌ಬಿಎ ಎಂಬ ವೃತ್ತಿಪರ ಸಂಘದ ಪ್ಲೇಆಫ್‌ನಲ್ಲಿ ಎರಡು ತಂಡಗಳು ಏಳು ಪಂದ್ಯಗಳವರೆಗೆ ಸೆಣಸುತ್ತವೆ, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. 2018ರ ಮೇ 14ರಂದು ಅಲ್ಲಿನ ಸುಪ್ರೀಂ ಕೋರ್ಟು 1992ರ ನಿಷೇಧ ಕಾನೂನನ್ನು ರದ್ದುಪಡಿಸಿ, ಪಂಥವನ್ನು ಸಕ್ರಮಗೊಳಿಸಲು ರಾಜ್ಯಗಳಿಗೆ ದಾರಿ ತೆರೆಯಿತು. ಕಳ್ಳಾಟ ನಿಂತಿತೇ? 2024ರ ಏಪ್ರಿಲಿನಲ್ಲಿ ಟೊರಾಂಟೊ ತಂಡದ ಜಾಂಟೆ ಪೋರ್ಟರ್ ಎಂಬ ಆಟಗಾರನನ್ನು ಸಂಘವೇ ಆಜೀವ ಹೊರಹಾಕಬೇಕಾಯಿತು. ತನ್ನ ಮೈಸ್ಥಿತಿಯ ಗುಟ್ಟನ್ನು ಪಂಥದವರಿಗೆ ತಿಳಿಸಿ, ಆಟದ ನಡುವೆ ತಾನಾಗಿ ಹೊರಬಂದಿದ್ದನು. 2025ರ ಅಕ್ಟೋಬರಿನಲ್ಲಿ ಒಬ್ಬ ಆಟಗಾರನೂ ಒಂದು ತಂಡದ ಮುಖ್ಯ ತರಬೇತುದಾರನೂ ಜೂಜಿನ ಬೇರೆ ಬೇರೆ ಪ್ರಕರಣಗಳಲ್ಲಿ ಬಂಧಿತರಾದರು.

ಆ ಆಟದಲ್ಲಿ ಮೋಸ ಮಾಡಲು ಸೋಲಲೇಬೇಕೆಂದೂ ಇಲ್ಲ. ಎಷ್ಟು ಅಂಕಗಳ ಅಂತರದಿಂದ ಗೆಲ್ಲುತ್ತಾರೆ ಎಂಬುದರ ಮೇಲೆ ಅಲ್ಲಿ ಪಂಥ ನಡೆಯುತ್ತದೆ. ಹತ್ತು ಅಂಕದಿಂದ ಗೆಲ್ಲಬಲ್ಲ ತಂಡ ನಾಲ್ಕರಿಂದ ಗೆದ್ದರೆ ಸಾಕು. ಚಪ್ಪಾಳೆಯೂ ಬಂತು, ಲಂಚವೂ ಬಂತು. 1951ರಲ್ಲೇ ನ್ಯೂಯಾರ್ಕಿನ ಕಾಲೇಜು ಹುಡುಗರು ಇದೇ ತಂತ್ರಕ್ಕಾಗಿ ಸೆರೆ ಸಿಕ್ಕಿದ್ದರು. ಎಪ್ಪತ್ತು ವರ್ಷಗಳಲ್ಲಿ ಬದಲಾದದ್ದು ಜಾಹೀರಾತಿನ ಬಣ್ಣ ಮಾತ್ರ.

ಅಮೆರಿಕವೇಕೆ, ಪಕ್ಕದ ಬಳ್ಳಾರಿಯ ಹೆಸರು ಹೊತ್ತ ತಂಡವನ್ನೇ ನೋಡಿ. 2019ರ ಕರ್ನಾಟಕ ಪ್ರೀಮಿಯರ್ ಲೀಗಿನ ಅಂತಿಮ ಪಂದ್ಯದಲ್ಲಿ ಹಣ ಪಡೆದು ನಿಧಾನವಾಗಿ ಬ್ಯಾಟ್ ಬೀಸಿದರೆಂಬ ಆರೋಪದ ಮೇಲೆ ಬಳ್ಳಾರಿ ಟಸ್ಕರ್ಸ್ ತಂಡದ ಇಬ್ಬರನ್ನು ಬೆಂಗಳೂರಿನ ಕೇಂದ್ರ ಅಪರಾಧ ದಳ ಬಂಧಿಸಿತು. 2022ರ ಜನವರಿಯಲ್ಲಿ ಹೈಕೋರ್ಟು ಆ ಮೊಕದ್ದಮೆಯನ್ನು ರದ್ದುಮಾಡಿತು. ಆರೋಪ ನಿಜವೋ ಸುಳ್ಳೋ ಎಂಬ ವಿಚಾರಣೆಯೇ ನಡೆಯಲಿಲ್ಲ. ಪಂದ್ಯವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಶಿಸ್ತಿಗೆ ವಿರುದ್ಧವಾಗಬಹುದು, ಕ್ರಿಕೆಟ್ ಮಂಡಳಿ ಕ್ರಮ ಕೈಗೊಳ್ಳಬಹುದು, ಆದರೆ 420ನೇ ಕಲಮಿನ ವಂಚನೆ ಆಗುವುದಿಲ್ಲ ಎಂದಿತು. ನ್ಯಾಯಾಲಯ ಇದ್ದ ಕಾನೂನನ್ನು ಓದಿ ಹೇಳಿದೆ, ಅದರ ಮೇಲೆ ನಮ್ಮ ದೂರಿಲ್ಲ. ಆದರೆ ತನ್ನ ವಾರದ ಕೂಲಿಯನ್ನು ಕಟ್ಟಿದ ಹಮಾಲನು ಇಷ್ಟು ತಿಳಿದಿರಲಿ: ಅಂಥ ಆಟ ನಿಜಕ್ಕೂ ಮಾರಾಟವಾಗಿದ್ದರೂ ಅವನನ್ನು ವಂಚಿಸಿದವರು ಕಾನೂನಿನ ಕಣ್ಣಿಗೆ ವಂಚಕರಲ್ಲ!

ಸರ್ಕಾರಗಳ ನಡೆಯಂತೂ ಚೋದ್ಯವಾಗಿದೆ. ನಮ್ಮ ರಾಜ್ಯವೇ ಬಹುಕಾಲ ಲಾಟರಿ ಮಾರಿತು, 2007ರಲ್ಲಿ ನಿಲ್ಲಿಸಿತು. 2021ರಲ್ಲಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾನೂನು ತಂದಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಅದರ ಮುಖ್ಯ ಕಲಮುಗಳನ್ನು ತೆಗೆದುಹಾಕಿತು. ಕೇಂದ್ರ ಸರ್ಕಾರ 2023ರ ಅಕ್ಟೋಬರ್ 1ರಿಂದ ಇಂಥ ಆಟಗಳಿಗೆ ಕಟ್ಟುವ ಹಣದ ಮೇಲೆ ನೂರಕ್ಕೆ 28ರಂತೆ ತೆರಿಗೆ ಎತ್ತಿತು, ಅಂದರೆ ಪಾಲುದಾರನಾಯಿತು. ಅಷ್ಟರಲ್ಲಿ ಡ್ರೀಮ್ ಇಲೆವೆನ್ ಕಂಪನಿ 2020ರ ಐಪಿಎಲ್‌ಗೆ ತನ್ನ ಹೆಸರನ್ನೇ ಇಟ್ಟು, 2023ರಲ್ಲಿ ಭಾರತ ತಂಡದ ಅಂಗಿಯ ಎದೆಯ ಮೇಲೂ ಏರಿತ್ತು. ಬಳಿಕ ಇದ್ದಕ್ಕಿದ್ದಂತೆ ಜ್ಞಾನೋದಯ! 2025ರ ಆಗಸ್ಟಿನಲ್ಲಿ ಎರಡೇ ದಿನಗಳಲ್ಲಿ ಸಂಸತ್ತಿನ ಎರಡೂ ಸದನಗಳು ಮಸೂದೆಯನ್ನು ಒಪ್ಪಿದವು, 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಹಣದ ಆಟ ನಡೆಸುವವನಿಗೆ 3 ವರ್ಷದವರೆಗೆ ಸಜೆ, 1 ಕೋಟಿಯವರೆಗೆ ದಂಡ. ಜಾಹೀರಾತು ಮಾಡುವವನಿಗೆ 2 ವರ್ಷ, 50 ಲಕ್ಷ. ಆಡುವವನಿಗೆ ಶಿಕ್ಷೆಯಿಲ್ಲ. ದೇಶದಲ್ಲಿ 45 ಕೋಟಿ ಜನ ಈ ಆಟಗಳಲ್ಲಿ ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆಂದು ಸರ್ಕಾರವೇ ಅಂದಾಜು ಹೇಳಿತು. ಸಂಖ್ಯೆ ಗೊತ್ತಿದ್ದೂ ತೆರಿಗೆ ಎತ್ತಿದ ಕಾಲದ ಬಗ್ಗೆ ಯಾರೂ ಲೆಕ್ಕ ಒಪ್ಪಿಸಲಿಲ್ಲ.

ಆಡುವವನನ್ನು ಬಿಟ್ಟು ಆಡಿಸುವವನನ್ನು ಹಿಡಿಯುವ ಆ ಕಾನೂನಿನ ತತ್ವವನ್ನು ನಾವು ಸ್ವಾಗತಿಸುತ್ತೇವೆ. ಆದರೆ ನೆಲದ ಮೇಲೆ ನಡೆಯುವುದು ಇದಕ್ಕೆ ತಿರುಗುಮುರುಗು. 1963ರ ಕರ್ನಾಟಕ ಪೊಲೀಸ್ ಕಾಯಿದೆಯ 78(3)ನೇ ಕಲಮಿನಲ್ಲಿ ಸಿಕ್ಕಿಬೀಳುವವನು ಯಾರು? ಬಸ್ ನಿಲ್ದಾಣದ ಹಿಂದೆ ಚೀಟಿ ಬರೆಯುವ ಬಡಪಾಯಿ. ಅವನ ಬಳಿ ಸಿಗುವುದು ಒಂದು ಪೆನ್ನು, ಒಂದು ಚೀಟಿ, ಕೆಲವು ನೂರು ರೂಪಾಯಿ. ಅವನು ಆ ಪಟ್ಟಿಯನ್ನು ಯಾರಿಗೆ ಕೊಡುತ್ತಿದ್ದನು, ಆ ಇನ್ನೊಬ್ಬನು ಮತ್ತಾರಿಗೆ ಎಂಬ ದಾರಿಯನ್ನು ತುದಿಯವರೆಗೆ ಹಿಡಿದು ಹೋದ ತನಿಖೆ ಅಪರೂಪ. ಇನ್ನು ಮೊಬೈಲಿನ ಬುಕ್ಕಿಗಳ ಯಜಮಾನರು ದುಬೈಯಲ್ಲಿ ಕೂರುತ್ತಾರೆ. ಮಹಾದೇವ್ ಎಂಬ ಆ್ಯಪ್ ಸೇರಿ 22 ತಾಣಗಳನ್ನು ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಮುಚ್ಚಿಸಿತು. ಇಂಥವು ಒಂದು ಬಾಗಿಲು ಮುಚ್ಚಿದರೆ ಬೇರೆ ಹೆಸರಿನಲ್ಲಿ ಮತ್ತೊಂದು ತೆರೆಯುತ್ತವೆ. ಶ್ರೀಮಂತರ ಕುದುರೆ ಜೂಜಿಗೆ ಮಾತ್ರ ಯಾವ ತೊಂದರೆಯೂ ಇಲ್ಲ. ಅದು ಕೌಶಲದ ಆಟವೆಂದು 1996ರಲ್ಲಿಯೇ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಕುದುರೆಯ ಕೌಶಲವೇ ಇರಬೇಕು.

ಕಾರ್ಮಿಕನೇಕೆ ಆಡುತ್ತಾನೆ? ಮೂರ್ಖನೆಂದೇ? ಅಲ್ಲ. ಮೂವತ್ತು ವರ್ಷ ಚೀಲ ಹೊತ್ತರೂ ತನ್ನ ಕೂಲಿ ತನ್ನನ್ನು ಇದ್ದಲ್ಲಿಂದ ಒಂದು ಮೆಟ್ಟಿಲು ಮೇಲೆತ್ತದು ಎಂಬುದನ್ನು ಅವನು ಚೆನ್ನಾಗಿ ಬಲ್ಲ. ಎಡದಂಡೆ ನಾಲೆಯ ಕೊನೆಭಾಗದ ರೈತನಂತೂ ನೀರು ಬಂದೀತೋ ಬಾರದೋ ಎಂದು ಬೀಜ ಚೆಲ್ಲಿ ಕೂತವನೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದಾಗ ಯಾರ ಪಂಥ ಸೋತಿತು? ದುಡಿಮೆಯೇ ಜೂಜಾದ ಕಡೆ ಜೂಜೂ ಒಂದು ದುಡಿಮೆಯಂತೆ ಕಾಣುವುದು ಆಶ್ಚರ್ಯವಲ್ಲ. ಒಳ್ಳೆಯ ಕೂಲಿ, ವರ್ಷವಿಡೀ ಕೆಲಸ, ನಂಬಬಹುದಾದ ನೀರು ಇವುಗಳ ಹೋರಾಟವನ್ನು ಬದಿಗಿಟ್ಟು ಬುಕ್ಕಿಯನ್ನು ಓಡಿಸುತ್ತೇವೆ ಎನ್ನುವುದು ಬರಿ ಮಾತು.

ಹಾಗೆಂದು ಅಲ್ಲಿಯವರೆಗೆ ಕೈಕಟ್ಟಿ ಕೂರಲಾಗದು. ಹಮಾಲರ ಸಂಘಗಳು ಬಟವಾಡೆಯ ದಿನ ಗಿರಣಿಯ ಬಾಗಿಲಲ್ಲಿ ಚೀಟಿಯವನನ್ನು ನಿಲ್ಲಗೊಡಬಾರದು. ಸೋತ ಸಂಗಾತಿಗೆ ಬುಕ್ಕಿಯೇ ಬಡ್ಡಿಗೆ ಕೊಡುವ ಹಣ ವಸೂಲಿಗೆ ಬಂದಾಗ ಅವನನ್ನು ಒಂಟಿ ಬಿಡಬಾರದು. ಕಿರುಸಾಲದ ಕಿರುಕುಳ ತಡೆಯಲು ರಾಜ್ಯ 2025ರಲ್ಲಿ ತಂದ ಕಾನೂನನ್ನು ಇಲ್ಲಿಯೂ ಉಪಯೋಗಿಸಲಾದೀತೇ ಎಂದು ವಕೀಲ ಮಿತ್ರರು ನೋಡಲಿ. ಸಣ್ಣ ವ್ಯಾಪಾರಿಗಳಿಗೆ ಒಂದು ಕಟುಮಾತು: ಪಾನಂಗಡಿ, ಚಹದಂಗಡಿಗಳ ಕೆಲವರು ಅಲ್ಪ ದಲಾಲಿಯಾಸೆಗೆ ಪಟ್ಟಿ ಬರೆಯುತ್ತಾರೆ. ಅವರ ಕೈಗೆ ಬರುವ ದಲಾಲಿ ಪಕ್ಕದ ಕಿರಾಣಿಯವನ ಉದ್ರಿ ಪುಸ್ತಕದಿಂದ ಬಂದದ್ದು. ವರ್ತಕರ ಸಂಘ ಇವರನ್ನು ಕರೆದು ಕೇಳಲಿ.

ಜಿಲ್ಲಾ ಪೊಲೀಸ್ ಅಧೀಕ್ಷಕರಲ್ಲಿ ನಮ್ಮ ಬೇಡಿಕೆ ಸಣ್ಣದು. ಕಳೆದ ಐಪಿಎಲ್ ಋತುವಿನಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಠಾಣೆಗಳಲ್ಲಿ ದಾಖಲಾದ ಮಟ್ಕಾ ಮತ್ತು ಬೆಟ್ಟಿಂಗ್ ಪ್ರಕರಣಗಳೆಷ್ಟು, ಅವುಗಳಲ್ಲಿ ಚೀಟಿ ಬರೆದವನಲ್ಲದೆ ಚೀಟಿ ಪಡೆದವನ ಹೆಸರು ಸೇರಿದ ಪ್ರಕರಣಗಳೆಷ್ಟು ಎಂಬ ಎರಡೇ ಅಂಕಿಗಳನ್ನು ಪ್ರಕಟಿಸಲಿ. ಅವು ನಮ್ಮ ಕೈಸೇರಿದ ವಾರವೇ ಇದೇ ಪುಟದಲ್ಲಿ ಅಚ್ಚಾಗುತ್ತವೆ.