ಇಂದಿರಾನಗರದಲ್ಲಿ ಯಾರೂ ಇಲ್ವಂತೆ!

ಮೊನ್ನೆ ರಾತ್ರಿ ಹನ್ನೊಂದಕ್ಕೆ ಗೆಳೆಯನ ಫೋನು. "ಲೋ, ನಿಮ್ಮ ಸೈಟಲ್ಲಿ ಇಂದಿರಾನಗರದಲ್ಲಿ ರಕ್ತ ಕೊಡೋರು ಒಬ್ರೂ ಇಲ್ವೇನೋ? ಸೊನ್ನೆ ತೋರಿಸ್ತಿದೆ." ಡೇಟಾಬೇಸ್ ತೆಗೆದು ನೋಡಿದೆ, ಇಬ್ಬರಿದ್ದರು. ಒಬ್ಬರು ಅವನಿಗೆ ಬೇಕಾಗಿದ್ದ ಓ ನೆಗೆಟಿವ್!

ಅದು ನಾವು ನಾಲ್ಕೈದು ಜನ ಶನಿವಾರ ಭಾನುವಾರ ಕೂತು ಮಾಡಿದ ಪುಟ್ಟ ಸೈಟು. ಮೊದಲಿದ್ದದ್ದು ಎರಡೇ ಫಿಲ್ಟರು, ರಕ್ತದ ಗುಂಪು ಮತ್ತು ಜಿಲ್ಲೆ. ಬೆಂಗಳೂರು ಅಂತ ಆರಿಸಿದರೆ ಕೆಂಗೇರಿಯವರೂ ಬರ್ತಾರೆ, ಕೆ.ಆರ್.ಪುರದವರೂ ಬರ್ತಾರೆ. ಶಿವಾಜಿನಗರದ ಆಸ್ಪತ್ರೆ ಬಾಗಿಲಲ್ಲಿ ನಿಂತವನಿಗೆ ಅದರಿಂದೇನು ಪ್ರಯೋಜನ? ಟಿನ್ ಫ್ಯಾಕ್ಟರಿ ಜಾಮಲ್ಲಿ ಸಿಕ್ಕಿಕೊಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಏರಿಯಾ ಹೆಸರು ಟೈಪಿಸಿ ಹುಡುಕೋ ಖಾನೆಯೊಂದನ್ನ ನಾನೇ ಸೇರಿಸಿದೆ. ಅರ್ಧ ಗಂಟೆ ಕೆಲಸ. ಟೆಸ್ಟ್ ಮಾಡಿದ್ದೂ ನಾನೇ ತುಂಬಿದ ಡೇಟಾ ಮೇಲೆ... ಸಿಗದೇ ಏನಾಗತ್ತೆ!

ಆ ಓ ನೆಗೆಟಿವ್ ಮಹಾಶಯರು ತಮ್ಮ ಏರಿಯಾನ 'ಇ೦ದಿರಾನಗರ' ಅಂತ ಬರೆದಿದ್ದರು. ಕಣ್ಣಿಗೆ ವ್ಯತ್ಯಾಸ ಕಾಣಿಸ್ತಾ? ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ. ಯೂನಿಕೋಡಲ್ಲಿ ಎರಡಕ್ಕೂ ಬೇರೆ ಬೇರೆ ಸಂಖ್ಯೆ. ಇನ್ನೊಬ್ಬರು ಇಂಗ್ಲಿಷಲ್ಲಿ ಬರೆದಿದ್ದರು.

"ಅದಕ್ಕೇ ಹೇಳಿದ್ದು, ಇಂಗ್ಲಿಷಲ್ಲಿ ಡ್ರಾಪ್‌ಡೌನ್ ಕೊಡು, ತಲೆನೋವಿಲ್ಲ" ಅಂತ ಸಹೋದ್ಯೋಗಿಯೊಬ್ಬರ ಉಪದೇಶ. ನಾನು ಒಪ್ಪಲ್ಲ. 2011ರಲ್ಲಿ ಶುರುವಾದ ಮೆಟ್ರೋ ನಿಲ್ದಾಣಕ್ಕೆ ಹಲಸೂರು ಅಂತಲೇ ಹೆಸರು. ಜನರ ಬಾಯಲ್ಲಿ ಅಲಸೂರು, ಅಲ್ಸೂರು, ಉಲ್ಸೂರು ಎಲ್ಲಾ ಇವೆ. ರೈಲ್ವೆಯವರಿಗೆ ಕೃಷ್ಣರಾಜಪುರಂ, ನಮಗೆ ಕೆ.ಆರ್.ಪುರ. ಗಾಬರಿಯಲ್ಲಿರೋ ಮನುಷ್ಯ ನಮ್ಮ ಪಟ್ಟಿಯ ಕಾಗುಣಿತ ಊಹಿಸ್ತಾ ಕೂರಬೇಕಾ? ಬಗ್ಗಬೇಕಾದ್ದು ನಮ್ಮ ಕೋಡು.

ಬಗ್ಗಿಸೋದು ಕಷ್ಟವೂ ಅಲ್ಲ. ದೊಮ್ಮಲೂರಿನ 'ದೊ' ಥರದ ಅಕ್ಷರಗಳು ಎರಡು ರೀತಿಯಲ್ಲಿ ಸೇವ್ ಆಗಿರಬಹುದು, ಎನ್ಎಫ್‌ಸಿ ಅನ್ನೋ ರೆಡಿಮೇಡ್ ಫಂಕ್ಷನ್ ಅದನ್ನ ಸರಿಮಾಡತ್ತೆ. ಆದರೆ ಅದು ಸೊನ್ನೆಯನ್ನ ಮುಟ್ಟಲ್ಲ, ಅದನ್ನ ನಾವೇ ಬದಲಿಸಬೇಕು. ಕುರುಡಾಗಿ ಬದಲಿಸಿದ್ರೋ, ೧೦ನೇ ಕ್ರಾಸ್ ಹೋಗಿ ೧ಂನೇ ಕ್ರಾಸ್ ಆಗತ್ತೆ :-) ಪಕ್ಕದಲ್ಲಿ ಅಂಕಿ ಇದ್ದರೆ ಬಿಟ್ಟುಬಿಡಿ. 'ಫ್ರೇಜರ್‌ಟೌನ್' ಅಂತ ಬಿಡಿಸಿ ಬರೆಯೋಕೆ ನಡುವೆ ಹಾಕ್ತೀವಲ್ಲ ಆ ಕಾಣದ ಅಕ್ಷರ, ಅದನ್ನ ಎರಡೂ ಕಡೆಯಿಂದ ತೆಗೀರಿ. ಕೊನೆಯ ಕೊಂಬನ್ನೂ ಬಿಟ್ಟು ಹುಡುಕಿದರೆ ('ಹಲಸೂರ') 'ಹಲಸೂರು', 'ಹಲಸೂರಿನ ಹತ್ರ' ಎರಡೂ ಸಿಗತ್ತೆ. ಬೇಡದ್ದೂ ಒಂದೆರಡು ಬರಬಹುದು, ಬರಲಿ. ರಾಂಗ್ ನಂಬರಿಗೆ ಒಂದು ನಿಮಿಷ ಹಾಳು, ಅಷ್ಟೇ.

ಅವತ್ತು ನಂಬರನ್ನ ಫೋನಲ್ಲೇ ಓದಿ ಹೇಳಿದೆ. ಪುಣ್ಯಾತ್ಮ ಇಪ್ಪತ್ತು ನಿಮಿಷದಲ್ಲಿ ಬೈಕಲ್ಲಿ ಬಂದರಂತೆ.

ಈಗ ಅಡ್ಡಹೆಸರುಗಳ ಪಟ್ಟಿ ಮಾಡ್ತಿದ್ದೀನಿ. ನಿಮ್ಮ ಏರಿಯಾನ ನಿಮ್ಮಜ್ಜಿ ಏನಂತ ಕರೀತಾರೆ? ಬರೆದು ತಿಳಿಸಿ, ಸೇರಿಸ್ಕೋತೀನಿ.