ಶಸ್ತ್ರಕ್ಕೆ ಮುನ್ನ ಅನ್ನ

ಹೃದಯದ ಶಸ್ತ್ರಚಿಕಿತ್ಸೆಯೆಂದೊಡನೆ ನಾವು ವೈದ್ಯನ ಕೈಚಳಕವನ್ನೂ ಯಂತ್ರದ ಮಹಿಮೆಯನ್ನೂ ಕೊಂಡಾಡುತ್ತೇವೆ. 1953ರಲ್ಲಿ ಅಮೆರಿಕದ ಜಾನ್ ಗಿಬ್ಬನ್ನರು ಹೃದಯ-ಶ್ವಾಸಕೋಶ ಯಂತ್ರದಿಂದ ತರುಣಿಯೊಬ್ಬಳನ್ನು ಉಳಿಸಿದುದು ಅದ್ಭುತವೇ ಸರಿ. ಆದರೆ ಕೊಯ್ದ ಗಾಯವನ್ನು ಕೂಡಿಸುವುದು ಯಂತ್ರವಲ್ಲ, ರೋಗಿಯ ದೇಹ. ಅದಕ್ಕೆ ಬೇಕಾದ ಸಾಮಗ್ರಿ ಆಹಾರದ ಪ್ರೋಟೀನು. 1936ರಲ್ಲಿಯೇ ಸ್ಟಡ್ಲಿಯೆಂಬ ಶಸ್ತ್ರವೈದ್ಯರು ಜಠರವ್ರಣದ ರೋಗಿಗಳಲ್ಲಿ ಇದನ್ನು ಕಂಡರು: ಮೈತೂಕದಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಕಳೆದುಕೊಂಡವರಲ್ಲಿ ನೂರಕ್ಕೆ ಸುಮಾರು 33 ಮಂದಿ ತೀರಿಕೊಂಡರು, ಉಳಿದವರಲ್ಲಿ 4ಕ್ಕಿಂತ ಕಡಮೆ. ಹೃದ್ರೋಗಿಗಳಲ್ಲಿಯೂ ಕೃಶತೆ, ರಕ್ತದ ಆಲ್ಬುಮಿನ್ ಕೊರತೆ ಅಪಾಯಸೂಚಕಗಳೆಂದು ಮುಂದೆ ತಿಳಿದುಬಂದಿತು.

ಆದುದರಿಂದ ಪಥ್ಯವೆಂದು ಬರಿಯ ಗಂಜಿ ಕುಡಿಸುವ ನಮ್ಮ ರೂಢಿ ತರವಲ್ಲ. ಅವಕಾಶವಿದ್ದಲ್ಲಿ ಮೊದಲು ತೂಕ ನೋಡಿ, ವೈದ್ಯರ ಸಲಹೆಯಂತೆ ಬೇಳೆ, ಹಾಲು, ಮೊಟ್ಟೆಗಳಿಂದ ರೋಗಿಯನ್ನು ಬಲಪಡಿಸಬೇಕು. ವಿದ್ಯಾರ್ಥಿಗಳೇ, ಮನೆಯ ಹಿರಿಯರಿಗೆ ಈ ಮಾತನ್ನು ಹೇಳುವ ಧೈರ್ಯ ನಿಮ್ಮದಾಗಲಿ.