ಒಂದೆರಡು ಕಡೆ ಮಳೆ

ಮೃಗಶಿರಾ ಮಳೆಯ ದಿನಗಳಲ್ಲಿ ಒಮ್ಮೆ ಚಳ್ಳಕೆರೆಯ ಸೀಮೆಯಲ್ಲಿ, ನಮ್ಮ ಬಂಧುಗಳ ಹೊಲದ ಬದುವಿನ ಮೇಲೆ ಕುಳಿತಿದ್ದಾಗ, ಶೇಂಗಾ ಬೀಜವನ್ನು ಸುಲಿದು ಮೂಟೆ ಕಟ್ಟಿಟ್ಟು ಹದಮಳೆಗಾಗಿ ವಾರದಿಂದ ಕಾದಿದ್ದ ಪಕ್ಕದ ಹೊಲದ ವೃದ್ಧರೊಬ್ಬರು ಬಳಿಗೆ ಬಂದು, "ರೇಡಿಯೋದಾಗೆ ಮಳೆ ಬರ್ತೈತೆ ಅಂದ್ರು ಸ್ವಾಮಿ, ಹಳ್ಳದ ಆಚೆ ಹುಯ್ತು, ನಮ್ಮ ಹೊಲದಾಗೆ ಧೂಳು ಸೈತ ಅಡಗಲಿಲ್ಲ" ಎಂದರು. ಅವರ ಮಾತು ಯಥಾರ್ಥವಾಗಿತ್ತು. ಹಳ್ಳದ ಆಚೆಯ ಎರೆನೆಲ ತೊಯ್ದು ಕಪ್ಪಗೆ ಹೊಳೆಯುತ್ತಿತ್ತು. ಈಚೆಯ ಕೆಂಪು ಮಣ್ಣು ಕಾಲಿಟ್ಟಲ್ಲೆಲ್ಲ ಪುಡಿಯಾಗಿ ಏಳುತ್ತಿತ್ತು.

ಹಿಂದಿನ ಸಂಜೆಯ ವಾರ್ತೆಯನ್ನು ನಾನೂ ಕೇಳಿದ್ದೆ. ದಕ್ಷಿಣ ಒಳನಾಡಿನ ಒಂದೆರಡು ಕಡೆಗಳಲ್ಲಿ ಮಳೆಯಾಗುವ ಸಂಭವವಿದೆ ಎಂಬುದು ಅದರ ಒಕ್ಕಣೆ. ನಾವು ಅದರಲ್ಲಿ 'ಮಳೆ'ಯನ್ನು ಮಾತ್ರ ಕಿವಿಗೆ ಹಾಕಿಕೊಂಡು 'ಒಂದೆರಡು ಕಡೆ'ಯನ್ನು ಗಾಳಿಗೆ ಬಿಟ್ಟುಬಿಡುತ್ತೇವೆ. ಆದರೆ ಹವಾಮಾನ ಇಲಾಖೆಯ ಪರಿಭಾಷೆಯಲ್ಲಿ ಅದು ಮಾತಿನ ಅಲಂಕಾರವಲ್ಲ, ಅಳತೆ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ನ್ನು ಮೀರದಷ್ಟು ಕೇಂದ್ರಗಳಲ್ಲಿ ಮಳೆಯಾಗುವಂತಿದ್ದರೆ 'ಒಂದೆರಡು ಕಡೆ', 26ರಿಂದ 50ರವರೆಗೆ 'ಕೆಲವು ಕಡೆ', 51ರಿಂದ 75ರವರೆಗೆ 'ಹಲವು ಕಡೆ', ಅದಕ್ಕೂ ಮೇಲ್ಪಟ್ಟರೆ 'ಬಹುತೇಕ ಕಡೆ' ಎಂದು ನಿಯಮವುಂಟು. ಹಾಗೆ ನೋಡಿದರೆ ಆ ಸಂಜೆಯ ಮುನ್ಸೂಚನೆಯು ವೃದ್ಧರ ಹೊಲಕ್ಕೆ ಮಳೆಯನ್ನು ವಾಗ್ದಾನ ಮಾಡಿರಲೇ ಇಲ್ಲ. ನಾಲ್ಕು ಊರುಗಳಲ್ಲಿ ಮೂರು ಒಣಗಿಯೇ ಇರಬಹುದೆಂದು ಅದು ಮುಂಚಿತವಾಗಿಯೇ ತಿಳಿಸಿತ್ತು. 'ಭಾರಿ' ಎಂಬ ಪದಕ್ಕೂ ಇಂತಹುದೇ ಕಟ್ಟುಪಾಡಿದೆ: ಬೆಳಗಿನ ಎಂಟೂವರೆಯಿಂದ ಮರುದಿನದ ಎಂಟೂವರೆಯವರೆಗೆ 64.5 ಮಿಲಿಮೀಟರಿಗಿಂತ ಕಡಿಮೆಯಾದ ಮಳೆ, ಎಷ್ಟೇ ಆರ್ಭಟದಿಂದ ಸುರಿದಿರಲಿ, 'ಭಾರಿ' ಎನಿಸಿಕೊಳ್ಳದು. ಒಂದು ಮಿಲಿಮೀಟರ್ ಎಂದರೆ ಅಲ್ಪವೆಂದು ಭಾವಿಸುವವರು, ಎಕರೆ ನೆಲದ ಮೇಲೆ ಅದು ನಾಲ್ಕು ಸಾವಿರ ಲೀಟರಿಗೂ ಮಿಗಿಲಾದ ನೀರೆಂಬುದನ್ನು ಲೆಕ್ಕ ಹಾಕಿ ನೋಡಬೇಕು.

ಹಾಗಾದರೆ ಹಳ್ಳದ ಆಚೆ, ಹಳ್ಳದ ಈಚೆ ಎಂದು ವಿಂಗಡಿಸಿ ಏಕೆ ಹೇಳಲಾರರು? ಮುನ್ಸೂಚನೆಯ ಗಣಿತವು ವಾಯುಮಂಡಲವನ್ನು ಚದುರಂಗದ ಹಾಸಿನಂತೆ ಮನೆಮನೆಯಾಗಿ ಭಾಗಿಸಿ, ಪ್ರತಿಯೊಂದು ಮನೆಯ ಉಷ್ಣತೆ, ಒತ್ತಡ, ತೇವ, ಗಾಳಿಗಳನ್ನು ಅಂದಾಜು ಮಾಡಿ, ಭೌತಶಾಸ್ತ್ರದ ಸಮೀಕರಣಗಳಿಂದ ಅವುಗಳ ಮುಂದಿನ ಸ್ಥಿತಿಯನ್ನು ಹೆಜ್ಜೆಹೆಜ್ಜೆಯಾಗಿ ಎಣಿಸತಕ್ಕದ್ದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ರೂಪುಗೊಂಡು 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತ್ ಮುನ್ಸೂಚನಾ ವ್ಯವಸ್ಥೆಯಲ್ಲಿ ಈ ಮನೆಯ ಅಗಲ ಸುಮಾರು 6 ಕಿಲೋಮೀಟರ್. ಇಷ್ಟು ಸೂಕ್ಷ್ಮವಾದುದು ನಮ್ಮ ದೇಶದ ವಿಜ್ಞಾನಿಗಳ ಶ್ಲಾಘ್ಯವಾದ ಸಾಧನೆಯೇ ಸರಿ. ಆದರೂ ಗುಡುಗಿ ಸುರಿದು ಹೋಗುವ ಮೋಡವೊಂದು ಅನೇಕ ವೇಳೆ ಅಂತಹ ಒಂದು ಮನೆಯೊಳಗೇ ಅಡಗಿಬಿಡುತ್ತದೆ.

ಇದಕ್ಕಿಂತ ಗಹನವಾದ ತೊಡಕು ಇನ್ನೊಂದಿದೆ. 1961ರಲ್ಲಿ ಅಮೆರಿಕದ ಎಡ್ವರ್ಡ್ ಲೊರೆಂಜ್ ಎಂಬ ವಿಜ್ಞಾನಿ, ತನ್ನ ಗಣಕಯಂತ್ರದಲ್ಲಿ ಹವೆಯ ಲೆಕ್ಕವೊಂದನ್ನು ಪುನಃ ನಡೆಸುವಾಗ, 0.506127 ಎಂಬ ಸಂಖ್ಯೆಯ ಬದಲು ಅಚ್ಚಿನ ಹಾಳೆಯಲ್ಲಿದ್ದ 0.506ನ್ನು ಕೊಟ್ಟು, ಸ್ವಲ್ಪ ಹೊತ್ತು ಕಾಫಿ ಕುಡಿದು ಬಂದು ನೋಡಲಾಗಿ, ಮೊದಲ ಲೆಕ್ಕಕ್ಕೂ ಎರಡನೆಯದಕ್ಕೂ ಕಡೆಗೆ ಸಾಮ್ಯವೇ ಉಳಿದಿರಲಿಲ್ಲ. ಕೂದಲೆಳೆಗಿಂತ ಕಿರಿದಾದ ವ್ಯತ್ಯಾಸವು ದಿನಗಳು ಉರುಳಿದಂತೆ ಬೆಟ್ಟವಾಗಿ ಬೆಳೆದಿತ್ತು. ಆದುದರಿಂದಲೇ ಇಂದಿನ ಕೇಂದ್ರಗಳು ಒಂದೇ ಲೆಕ್ಕವನ್ನು ನೆಚ್ಚದೆ, ಆರಂಭದ ಅಂಕಿಗಳನ್ನು ಕಿಂಚಿತ್ತು ಬದಲಿಸಿ ಹತ್ತಾರು ಬಾರಿ ಎಣಿಸಿ, ಅವುಗಳಲ್ಲಿ ಎಷ್ಟು ಮಳೆಯನ್ನು ತೋರುತ್ತವೆಂಬುದರ ಮೇಲೆ ಸಂಭವವನ್ನು ಹೇಳುವುದು. ನಾಳೆಯ ಮಾತಿಗೆ ಇರುವ ತೂಕ ಹತ್ತು ದಿನಗಳಾಚೆಯ ಮಾತಿಗೆ ಇಲ್ಲದಿರುವುದೂ ಈ ಕಾರಣದಿಂದಲೇ.

ನಮ್ಮ ಹಿರಿಯರ ಮಳೆನಕ್ಷತ್ರಗಳನ್ನು ಈ ಮುನ್ಸೂಚನೆಗೆ ಎದುರಾಳಿಯೆಂದು ನಿಲ್ಲಿಸುವವರಿದ್ದಾರೆ. ಅದು ನನಗೆ ಸಮ್ಮತವಲ್ಲ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಕಳೆಯುವ ಹದಿಮೂರು ಹದಿನಾಲ್ಕು ದಿನಗಳಿಗೆ ಇಂತಹ ಮಳೆ ಸಹಜವೆಂಬುದು ತಲೆಮಾರುಗಳ ಸ್ಮೃತಿ. ಯಾವ ಬೆಳೆಯನ್ನು ಎಂದು ಬಿತ್ತಬೇಕೆಂಬುದಕ್ಕೆ ಅದು ದಾರಿ ತೋರೀತು. ಆದರೆ ಈ ವರ್ಷದ ಈ ಬುಧವಾರ ಅರಬ್ಬೀ ಸಮುದ್ರದ ಮೇಲೆ ಗಾಳಿ ಹೇಗೆ ಬೀಸುತ್ತಿದೆಯೆಂಬುದು ಪಂಚಾಂಗಕ್ಕೆ ತಿಳಿಯುವ ಸಂಗತಿಯಲ್ಲ.

ನನಗೆ ವ್ಯಥೆಯಾಗುವುದು ಬೇರೊಂದು ವಿಷಯಕ್ಕೆ. ಇಷ್ಟೆಲ್ಲ ಶ್ರಮದಿಂದ ತೂಗಿ ಆರಿಸಿದ ಪದಗಳು ಓದುಗರ ಕೈಸೇರುವಷ್ಟರಲ್ಲಿ ಉದುರಿಹೋಗಿ, 'ರಾಜ್ಯದಲ್ಲಿ ಭಾರಿ ಮಳೆ' ಎಂಬ ದಪ್ಪಕ್ಷರದ ಶಿರೋನಾಮೆಯೊಂದೇ ಉಳಿಯುತ್ತದೆ. ಇಲಾಖೆಯ ಎಚ್ಚರಿಕೆಗಳಲ್ಲಿ ಹಳದಿ ಬಣ್ಣವು ಗಮನವಿಡಿರೆಂದೂ, ಕಿತ್ತಳೆಯು ಸಿದ್ಧರಾಗಿರೆಂದೂ, ಕೆಂಪು ಕ್ರಮ ಕೈಗೊಳ್ಳಿರೆಂದೂ ಹೇಳುವ ಸೂಚನೆಗಳಾಗಿದ್ದರೂ, ಅವುಗಳನ್ನು ಕೇವಲ ಭೀತಿಯ ಮೂರು ಮೆಟ್ಟಿಲುಗಳಂತೆ ಮುದ್ರಿಸುತ್ತೇವೆ. ನಾವು ಪತ್ರಿಕೆಯವರು ಇಲಾಖೆಯ ಆ ನಾಲ್ಕು ಸಾಲಿನ ಪ್ರಕಟಣೆಯನ್ನು, ಒಂದಕ್ಷರವನ್ನೂ ಕತ್ತರಿಸದೆ, ಪದಗಳ ಅಳತೆಯೊಡನೆ ದಿನವೂ ಅಚ್ಚು ಹಾಕಬೇಕು; ಅದಕ್ಕೆ ಬೇಕಾಗುವ ಸ್ಥಳ ಮೂರು ಅಂಗುಲ.

ಆ ವೃದ್ಧರಿಗೆ ಅಂದು ಬದುವಿನ ಮೇಲೆಯೇ 'ಒಂದೆರಡು ಕಡೆ' ಮೊದಲಾದ ನಾಲ್ಕು ಪದಗಳ ಲೆಕ್ಕವನ್ನು ಬಿಡಿಸಿ ಹೇಳಿದೆ. ಅವರು ಕೇಳಿ, ಹಳ್ಳದ ಆಚೆಗೊಮ್ಮೆ ನೋಡಿ, "ಹಂಗಾರೆ 'ಹಲವು ಕಡೆ' ಅನ್ನೋಗಂಟ ಬೀಜದ ಮೂಟೆ ಬಿಚ್ಚಾಕಿಲ್ಲ ಬಿಡಿ" ಎಂದು ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು.